ಶಾರ್ಲಮನಿಯವರ ಬೀಗತನ

ಬೇರೆಯವರ ಮುತ್ತಜ್ಜಂದಿರನ್ನು ಹುಡುಕಿಕೊಡುವುದು ನನ್ನ ಉದ್ಯೋಗ. ಇಷ್ಟು ಕೇಳಿ ನನ್ನನ್ನು ಇತಿಹಾಸಕಾರನೆಂದು ತಿಳಿಯಬೇಡಿ. ಚಿಕ್ಕೋಡಿಯ ತಹಸೀಲ್ದಾರ ಕಚೇರಿಯ ಎದುರಿಗೆ ಒಂದು ಸಣ್ಣ ಖೋಲಿಯಲ್ಲಿ ಟೇಬಲ್ಲು, ಎರಡು ಕುರ್ಚಿ, ಒಂದು ಹಳೆಯ ಕಂಪ್ಯೂಟರು ಇಟ್ಟುಕೊಂಡು ಕೂತಿರುವ ಬಾಂಡ್ ರೈಟರ್ ನಾನು. ಅಪ್ಪ ತೀರಿಕೊಂಡ ಮೇಲೆ ಹೊಲ ಮಕ್ಕಳ ಹೆಸರಿಗೆ ಆಗಬೇಕಾದರೆ ವಂಶಾವಳಿ ಬೇಕು. ಯಾರಿಗೆ ಯಾರು ಹುಟ್ಟಿದರು ಎಂದು ಗೀಟು ಎಳೆದು ತೋರಿಸುವ ಆ ಕಾಗದವನ್ನು ಇಪ್ಪತ್ತೆಂಟು ವರ್ಷಗಳಿಂದ ಬರೆಯುತ್ತಿದ್ದೇನೆ. ಆ ಗೀಟಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟಿನ ಮನುಷ್ಯ. "ಆ ತಂಗೀ ಹೆಸರು ಬಿಟ್ಟ ಬಿಡ್ರಿ, ಆಕೀ ಕೊಲ್ಲಾಪುರದಾಗ ಇರತಾಳ, ಆಕಿಗೇನ ಗೊತ್ತಾಗತೈತಿ" ಎಂದು ಅಣ್ಣಂದಿರು ಎಷ್ಟು ಪುಸಲಾಯಿಸಿದರೂ ತಂಗಿಯ ಹೆಸರನ್ನು ದಪ್ಪ ಅಕ್ಷರದಲ್ಲೇ ಬರೆದು ಕಳಿಸಿದ್ದೇನೆ. ಇಂಥ ನಾನು ಒಂದು ರವಿವಾರ ಮಧ್ಯಾಹ್ನ ಊಟ ಮಾಡಿ ಎದ್ದಾಗ ರೈತರ ಮನೆತನದವನಾಗಿದ್ದವನು, ಸಂಜೆಯ ಚಹಾದ ಹೊತ್ತಿಗೆ ಯುರೋಪಿನ ಫ್ರಾಂಕರ ರಾಜವಂಶದವನಾಗಿದ್ದೆ. ಅದು ಹೇಗಾಯಿತು ಎಂಬುದನ್ನು ಹೇಳಿಬಿಡುತ್ತೇನೆ.

ನನ್ನ ಒಬ್ಬಳೇ ಮಗಳು ಸುಜಾತಾ ರಾಯಬಾಗದಲ್ಲಿ ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಊರ ಮಂದಿಯ ವಂಶಾವಳಿ ಬರೆಯುವ ಅಪ್ಪ ನಮ್ಮದೊಂದನ್ನು ಬರೆದಿಲ್ಲವಲ್ಲ ಎಂದು ಅವಳೇ ನನ್ನ ಫೋನಿನಲ್ಲಿ ಒಂದು ಆಪ್ ಹಾಕಿಕೊಟ್ಟಳು. ಗೊತ್ತಿದ್ದ ಹೆಸರು ಹಾಕುತ್ತ ಹೋದರೆ ಉಳಿದದ್ದನ್ನು ಅದೇ ಹುಡುಕುತ್ತದಂತೆ. ಹಾಕಿದೆ. ನಾನು ಸಿದ್ದಪ್ಪ, ಅಪ್ಪ ಕಲ್ಲಪ್ಪ, ಅಜ್ಜ ಸಿದ್ದಪ್ಪ, ಮುತ್ತಜ್ಜ ಕಲ್ಲಪ್ಪ. ನಮ್ಮ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಆ ಆಪಿಗೆ ಗೊತ್ತಿಲ್ಲ. ನನ್ನನ್ನೇ ನನ್ನ ಅಜ್ಜನೆಂದು ತಿಳಿದು, ನೀವು ಬದುಕಿದ್ದೀರಾ ಎಂದು ಎರಡು ಸಲ ಕೇಳಿತು. ಮುತ್ತಜ್ಜನ ಅಪ್ಪ ಬೇಡಕಿಹಾಳದಲ್ಲಿ ಗಾಣ ಇಟ್ಟು ಬೆಲ್ಲ ಮಾಡುತ್ತಿದ್ದ ಬಾಬು. ಆ ಹೆಸರು ಹಾಕಿದ್ದೇ ತಡ, ಮೂಲೆಯಲ್ಲಿ ಒಂದು ಹಸಿರು ಎಲೆ ಅಲುಗಾಡಿತು. ಫ್ರಾನ್ಸಿನಲ್ಲಿಯೂ ಬಾಬು ಎಂಬ ದೊಡ್ಡ ಮನೆತನವಿದೆ, ಇವರೇ ಅವರೇನು ಎಂದು ಕೇಳಿತು. ಕಚೇರಿಯಲ್ಲಾಗಿದ್ದರೆ ಐದು ಜನ ಪಂಚರ ಸಹಿ ಇಲ್ಲದೆ ಇಂಥದಕ್ಕೆ ನಾನು ಹೂಂ ಅನ್ನುತ್ತಿರಲಿಲ್ಲ. ಮನೆಯಲ್ಲಿ, ಹಾಸಿಗೆಯ ಮೇಲೆ, ಹೊಟ್ಟೆ ತುಂಬಿದ ಮೇಲೆ, ಹೌದು ಎಂದು ಒತ್ತಿದೆ. ಆಮೇಲೆ ಎಲೆಯ ಹಿಂದೆ ಎಲೆ ಅಲುಗಾಡಿತು. ನಾನು ಒತ್ತುತ್ತ ಹೋದೆ. ನಲವತ್ತೊಂದನೇ ತಲೆಮಾರಿಗೆ ಕಿರೀಟ ಹಾಕಿಕೊಂಡ ಒಬ್ಬ ಗಡ್ಡದ ಮನುಷ್ಯ ಬಂದು ನಿಂತ. ಅವನ ಹೆಸರು ಶಾರ್ಲಮೇನ್. ಸಾವಿರದ ಇನ್ನೂರು ವರ್ಷಗಳ ಹಿಂದೆ ಅರ್ಧ ಯುರೋಪನ್ನು ಆಳಿದ ಚಕ್ರವರ್ತಿ.

ಅಡುಗೆಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಂಡತಿ ಕಮಲಾಳಿಗೆ ಮೊದಲು ವಿಷಯ ತಿಳಿಸಿದೆ. ಅವಳು ತಲೆ ಎತ್ತದೆ, "ಶಾರ್ಲಮನಿ? ದೊಡಮನಿ, ಹೊಸಮನಿ ಗೊತ್ತು. ಇವರು ಯಾವ ಊರಾವರು?" ಎಂದು ಕೇಳಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಚಕ್ರವರ್ತಿಯ ಅಡ್ಡಹೆಸರು ಶಾರ್ಲಮನಿ ಎಂದೇ ಆಯಿತು. ನಾನು ಮಾತ್ರ ಅವನ ಬಗ್ಗೆ ಸಿಕ್ಕದ್ದನ್ನೆಲ್ಲ ಓದಿದೆ. ಆರಡಿ ಎತ್ತರ, ಈಜಿನಲ್ಲಿ ಗಟ್ಟಿಗ, ವರ್ಷಕ್ಕೊಂದು ಯುದ್ಧ. ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದೆಂದರೆ ಅವನಿಗೆ ಬರೆಯಲು ಬರುತ್ತಿರಲಿಲ್ಲ. ವಯಸ್ಸಾದ ಮೇಲೆ ದಿಂಬಿನ ಕೆಳಗೆ ಪಾಟಿ ಇಟ್ಟುಕೊಂಡು ಅಕ್ಷರ ತಿದ್ದಿದರೂ ಕೈ ಕೂಡಲಿಲ್ಲವಂತೆ. ಅವನ ಸಹಿಯಲ್ಲಿಯೂ ಒಂದು ಗೀಟು ಮಾತ್ರ ಅವನದು, ಉಳಿದದ್ದನ್ನೆಲ್ಲ ಬರವಣಿಗೆಯವರೇ ಬರೆದಿಡುತ್ತಿದ್ದರಂತೆ. ಅಂದರೆ ಅಷ್ಟು ದೊಡ್ಡ ಚಕ್ರವರ್ತಿಯ ಕಚೇರಿಯ ಎದುರಿಗೂ ನನ್ನಂಥವನೊಬ್ಬ ಕೂತಿದ್ದ ಎಂದಾಯಿತು. ಈ ಸಂಗತಿಯನ್ನು ನಾನು ಕಂಡಕಂಡವರಿಗೆ ಹೇಳಿದೆ. ಚಹಾದ ಅಂಗಡಿಯಲ್ಲಿ, ಊರ ಹೊಲಗಳ ಲೆಕ್ಕ ಇಡುವ ತಲಾಠಿಯೊಬ್ಬರು ಬಹಳ ಗಂಭೀರವಾಗಿ ಕೇಳಿಸಿಕೊಂಡು, ಫ್ರಾನ್ಸಿನಲ್ಲಿ ನಿಮ್ಮ ಪಾಲಿಗೆ ಎಷ್ಟು ಎಕರೆ ಬರುತ್ತದೆ, ವಾರಸಾಕ್ಕೆ ಅರ್ಜಿ ಹಾಕಿದ್ದೀರಾ, ನೀರಾವರಿಯೋ ಒಣ ಬೇಸಾಯವೋ ಎಂದು ವಿಚಾರಿಸಿದರು. ಸುತ್ತಲಿನವರು ನಕ್ಕರು. ನಾನು ನಗಲಿಲ್ಲ. ಕೂಡುವಾಗ ಬೆನ್ನು ನೆಟ್ಟಗೆ ಮಾಡಿಕೊಂಡು ಕೂಡುವ ಅಭ್ಯಾಸ ಆಗಲೇ ಶುರುವಾಗಿತ್ತು.

ಇದೇ ಸಮಯಕ್ಕೆ ಸುಜಾತಾಳ ಮದುವೆಯ ಮಾತು ನಡೆದಿತ್ತು. ಮಾತು ಎರಡು ವರ್ಷಗಳಿಂದಲೇ ನಡೆದಿತ್ತು ಎನ್ನಬೇಕು. ಕಾಗವಾಡದ ಕಡೆಯ ಒಂದು ಸಂಬಂಧ ಬಂದಿತ್ತು. ಮನೆಯ ಮುಂದೆಯೇ ಹಗಲೂರಾತ್ರಿ ಕಬ್ಬಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋಗುತ್ತವೆ, ಹುಡುಗಿಗೆ ನಿದ್ದೆ ಬರುವುದಿಲ್ಲ ಎಂದು ನಾನು ಬಿಡಿಸಿದೆ. ನಿಪ್ಪಾಣಿಯ ಹುಡುಗ ಮಾತಿಗೊಮ್ಮೆ ಮರಾಠಿಯಲ್ಲಿ "ಕಾಯ್ ನಾಯ್, ಕಾಯ್ ನಾಯ್" ಅನ್ನುತ್ತಿದ್ದ. ಏನೂ ಇಲ್ಲ ಏನೂ ಇಲ್ಲ ಎನ್ನುವವನ ಮನೆಯಲ್ಲಿ ಏನಿದ್ದೀತು ಎಂದು ಅದನ್ನೂ ಬಿಟ್ಟೆವು. ಕಡೆಗೆ ಸುಜಾತಾಳೇ ತಾಯಿಯ ಮುಂದೆ ಬಾಯಿಬಿಟ್ಟಳು. ಅಥಣಿಯಲ್ಲಿ ದ್ರಾಕ್ಷಿ ತೋಟ ಇರುವ ಮಹೇಶ ಎಂಬ ಹುಡುಗ ಮಣ್ಣು ಪರೀಕ್ಷೆಗೆಂದು ಪ್ರಯೋಗಾಲಯಕ್ಕೆ ಬರುತ್ತಿದ್ದ. ಒಂದೇ ತೋಟದ ಮಣ್ಣನ್ನು ಅವನು ಆರು ಸಲ ತಂದಾಗ, ತೊಂದರೆ ಇರುವುದು ಮಣ್ಣಿಗಲ್ಲ ಎಂದು ಅವಳಿಗೆ ಗೊತ್ತಾಯಿತಂತೆ. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು. ನಾನು ವಿಚಾರಿಸಿದೆ, ಮತ್ತೂ ವಿಚಾರಿಸಿದೆ, ಹೆಸರಿಡಲು ಒಂದು ಕೊರತೆಯೂ ಸಿಗಲಿಲ್ಲ. ಸಾಖರಪುಡಾದ, ಅಂದರೆ ನಿಶ್ಚಿತಾರ್ಥದ, ದಿನ ಗೊತ್ತು ಮಾಡಲು ಹುಡುಗನ ಅಪ್ಪ ಅಣ್ಣಾಸಾಹೇಬರು ಮನೆಯವರೊಂದಿಗೆ ಬರುವುದೆಂದು ಠರಾವಾಯಿತು.

ಅವರು ಬರುವ ಹಿಂದಿನ ದಿನ ನನ್ನ ಕೈ ಸುಮ್ಮನಿರಲಿಲ್ಲ. ಹುಡುಗನ ಬಯೊಡೇಟಾದಲ್ಲಿ ನಾಲ್ಕು ತಲೆಮಾರಿನ ಹೆಸರಿದ್ದವು. ಬೀಗರಿಗೂ ಒಂದು ವಂಶಾವಳಿ ಮಾಡಿಕೊಟ್ಟರೆ ಸಂತೋಷಪಡುತ್ತಾರೆ ಎಂದು ಅವನ್ನೂ ಆಪಿಗೆ ಹಾಕಿದೆ. ಅವರ ಕಡೆಯ ಮಾರುತಿ ಎಂಬ ಹಿರಿಯರನ್ನು ಅದು ಫ್ರಾನ್ಸಿನ ಯಾವನೋ ಮಾರ್ತಿಯ ಜೊತೆ ಗಂಟು ಹಾಕಿತು. ಅಲ್ಲಿಂದ ಎಲೆ ಅಲುಗಾಡಿ ಅಲುಗಾಡಿ, ಕಡೆಗೆ ಅವರೂ ಬಂದು ನಿಂತದ್ದು ನಮ್ಮ ಗಡ್ಡದ ಚಕ್ರವರ್ತಿಯ ಹತ್ತಿರವೇ. ಕೇಳಿದವರಿಗೆಲ್ಲ ಆ ಆಪು ಅವನೊಬ್ಬನನ್ನೇ ಕೊಡುತ್ತದೆ ಎಂಬ ಸಂಶಯ ಬರಬೇಕಾಗಿತ್ತು. ನನಗೆ ಆನಂದ ಬಂತು.

ಮರುದಿನ ಎಲ್ಲರೂ ಬಂದರು. ಅಣ್ಣಾಸಾಹೇಬರು, ಅವರ ಹೆಂಡತಿ, ಮಹೇಶ, ಮಹೇಶನ ಅಜ್ಜಿ ಗಂಗವ್ವ. ಉಪ್ಪಿಟ್ಟು, ಶಿರಾ ಆಯಿತು. ಪಂಚಾಂಗ ಬಿಚ್ಚಬೇಕು ಎನ್ನುವಷ್ಟರಲ್ಲಿ ನಾನು ಗಂಟಲು ಸರಿಮಾಡಿಕೊಂಡು, ಫೋನು ಹಿಡಿದುಕೊಂಡು, ಬೀಗರೇ ಒಂದು ಸಂತೋಷದ ಸುದ್ದಿ, ನೀವೂ ನಾವೂ ಬೇರೆಯಲ್ಲ, ಇಬ್ಬರೂ ಒಬ್ಬನೇ ಚಕ್ರವರ್ತಿಯ ಮಕ್ಕಳಿಂದ ಬಂದವರು, ಒಂದೇ ರಕ್ತ ಎಂದು ವಿವರವಾಗಿ ಹೇಳಿದೆ. ಅಣ್ಣಾಸಾಹೇಬರು ಚಹಾದ ಬಸಿಯನ್ನು ಮೆಲ್ಲಗೆ ಕೆಳಗಿಟ್ಟರು.

"ಒಂದ ರಕ್ತ ಅಂದ್ರ, ಅಣ್ಣತಮ್ಮಕಿ ಆತಲ್ರಿ" ಎಂದರು. "ಹುಡುಗಾ ಹುಡುಗಿ ಅಣ್ಣಾ ತಂಗಿ ಆದಂಗಾತು. ಲಗ್ನಾ ಹೆಂಗ ಮಾಡೂದ್ರಿ?"

ನನ್ನ ಬೆನ್ನು ತಾನಾಗಿಯೇ ಬಾಗಿತು. ಇದೆಲ್ಲ ಫೋನಿನ ಆಟ, ನಿಜವಲ್ಲ ಎಂದು ಅಂದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇಪ್ಪತ್ತೆಂಟು ವರ್ಷ ವಂಶಾವಳಿ ಬರೆದವನ ಬಾಯಿಗೆ "ನಾ ಬರೆದದ್ದು ಸುಳ್ಳು" ಎಂಬ ಮಾತು ಬರಲೊಲ್ಲದು. ನಲವತ್ತು ತಲೆಮಾರು ದಾಟಿದೆಯಲ್ಲ ಎಂದು ತೊದಲಿದೆ. ತಲೆಮಾರು ಎಷ್ಟಾದರೇನು, ಅಣ್ಣತಮ್ಮಕಿ ಅಣ್ಣತಮ್ಮಕಿಯೇ ಎಂದು ಅಣ್ಣಾಸಾಹೇಬರು ನೆಲ ನೋಡಿದರು. ಮಹೇಶ ಮಣ್ಣಿನ ಪೊಟ್ಟಣ ಕಳೆದುಕೊಂಡವನ ಹಾಗೆ ಕೂತಿದ್ದ. ಕಮಲಾ ನನ್ನ ಕಡೆ ನೋಡಿದ ನೋಟವನ್ನು ಬರೆಯಲು ಬಾಂಡ್ ಪೇಪರು ಸಾಲದು. ಗಂಗವ್ವ ಮಾತ್ರ, ನೀರು ಕುಡಿದು ಬರುತ್ತೇನೆ ಎಂದು ಎದ್ದು, ಸುಜಾತಾ ಇದ್ದ ಅಡುಗೆಮನೆಗೆ ಹೋದರು. ಒಂದು ವಾಟೆ ನೀರಿಗೆ ಹತ್ತು ನಿಮಿಷ ಹಿಡಿಯಿತು. ಹೊರಗೆ ನಾವೆಲ್ಲ ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದಿದೆವು.

ಗಂಗವ್ವ ತಿರುಗಿ ಬಂದು ಸಮಾಧಾನದಿಂದ ಕೂತು ನನ್ನನ್ನು ಕೇಳಿದರು.

"ಆ ನಿಮ್ಮ ಶಾರ್ಲಮನಿ ರಾಜಗ ಬರೇ ಗಂಡಮಕ್ಕಳ ಇದ್ರೇನ್ರಿ? ಹೆಣ್ಣಮಕ್ಕಳ ಇದ್ದಿಲ್ಲೇನು?"

ಇದ್ದರು, ಬಹಳ ಜನ ಇದ್ದರು ಎಂದೆ. ಹಾಗಾದರೆ ನೀವು ಯಾವ ಮಗುವಿನ ಕಡೆಯವರು, ನಾವು ಯಾವ ಮಗುವಿನ ಕಡೆಯವರು, ನೋಡಿ ಹೇಳಿರಿ ಎಂದರು. ನಾನು ಫೋನು ತೆರೆದೆ. ನಮ್ಮ ಗೀಟು ಲೂಯಿ ಎಂಬ ಮಗನಿಂದ ಇಳಿದಿತ್ತು. ಅವರ ಗೀಟು ಪೆಪಿನ್ ಎಂಬ ಇನ್ನೊಬ್ಬ ಮಗನಿಂದ ಇಳಿದಿತ್ತೆಂದು ನನಗೆ ನೆನಪು. ಆದರೆ ಈಗ ನೋಡಿದರೆ ಅಲ್ಲಿ ಬರ್ತಾ ಎಂದಿತ್ತು. ಬರ್ತಾ ಚಕ್ರವರ್ತಿಯ ಮಗಳು. ಗಾಬರಿಯಲ್ಲಿ ನಾನೇ ನಿನ್ನೆ ತಪ್ಪು ಓದಿರಬೇಕು ಎಂದುಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಮತ್ತೇನ ಬೇಕು" ಎಂದರು ಗಂಗವ್ವ, ಮಗನ ಕಡೆ ತಿರುಗಿ. "ಅವರು ಅಣ್ಣನ ಕಡೇವ್ರು, ನಾವು ತಂಗೀ ಕಡೇವ್ರು. ನಮ್ಮ ಹುಡುಗಗ ಈಕೀ ಸೋದರಮಾವನ ಮಗಳಾದಳು. ಹಕ್ಕಿನ ಕನ್ಯಾ. ಪಂಚಾಂಗ ತಗೀರಿ."

ಅಣ್ಣಾಸಾಹೇಬರ ಮುಖ ಅರಳಿತು. ಪಂಚಾಂಗ ತೆಗೆದರು. ನನ್ನ ಕಷ್ಟ ಅಲ್ಲಿಗೂ ಮುಗಿಯಲಿಲ್ಲ. ಆ ಬರ್ತಾಳನ್ನು ಯಾವ ಊರಿಗೆ ಕೊಟ್ಟಿದ್ದರು ಎಂದು ಹುಡುಗನ ತಾಯಿ ಅಕ್ಕರೆಯಿಂದ ಕೇಳಿದರು. ಎಷ್ಟೆಂದರೂ ಅವರ ಮನೆಯ ಮೂಲದ ಹೆಣ್ಣುಮಗಳಲ್ಲವೇ. ನಾನು ಓದಿದ್ದೇನೆಂದರೆ, ಚಕ್ರವರ್ತಿಗೆ ಹೆಣ್ಣುಮಕ್ಕಳ ಮೇಲೆ ಎಷ್ಟು ಜೀವವಿತ್ತೆಂದರೆ ಅವರನ್ನು ಬಿಟ್ಟಿರಲಾರದೆ ಯಾರಿಗೂ ಮದುವೆಯನ್ನೇ ಮಾಡಲಿಲ್ಲ. ದಂಡಯಾತ್ರೆಗೆ ಹೋದರೂ ಜೊತೆಗೇ ಕರೆದೊಯ್ಯುತ್ತಿದ್ದ. ಬರ್ತಾಳಿಗೆ ಎರಡು ಮಕ್ಕಳಾದದ್ದು ಆಸ್ಥಾನದ ಒಬ್ಬ ವಿದ್ವಾಂಸನಿಂದ, ಮದುವೆಯಿಲ್ಲದೆ. ಇದನ್ನು ಶಿರಾ ತಿಂದ ಬೀಗಿತಿಯ ಮುಂದೆ ಹೇಳುವುದು ಹೇಗೆ? "ಅಲ್ಲೇ ಹತ್ತಿರದಾಗ ಕೊಟ್ಟಿದ್ದರ್ರೀ" ಎಂದೆ. ಹತ್ತಿರ ಕೊಟ್ಟಿದ್ದು ಛಲೋ ಆಯಿತು ಎಂದು ಅವರು ಸಮಾಧಾನಪಟ್ಟರು.

ಮದುವೆ ಅಥಣಿಯಲ್ಲಿ ಚೆನ್ನಾಗಿ ಆಯಿತು. ಎರಡು ತಿಂಗಳ ಮೇಲೆ ಸುಜಾತಾ ಬಂದಿದ್ದಳು. ದ್ರಾಕ್ಷಿ ತಂದಿದ್ದಳು. ಅದನ್ನು ತಿನ್ನುತ್ತ ಕೂತಾಗ, ಆ ಪೆಪಿನ್ ಹೋಗಿ ಬರ್ತಾ ಹೇಗೆ ಬಂದಳೆಂದು ನನಗಿನ್ನೂ ತಿಳಿಯದು ಎಂದೆ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಪಿನ ಖಾತೆ ಸುಜಾತಾಳ ಹೆಸರಿನಲ್ಲಿತ್ತು. ಅಂದು ಅಡುಗೆಮನೆಗೆ ಬಂದ ಗಂಗವ್ವ, ನಿಮ್ಮ ಅಪ್ಪನ ಕಾಗದದಲ್ಲಿ ಒಬ್ಬ ಗಂಡನ್ನು ಹೆಣ್ಣು ಮಾಡಲು ಬರುತ್ತದೇನು ಎಂದು ಅವಳನ್ನು ಕೇಳಿದರಂತೆ. ಇವಳು ತನ್ನ ಫೋನಿನಿಂದಲೇ ಪೆಪಿನ್‌ನನ್ನು ಅಳಿಸಿ ಬರ್ತಾಳನ್ನು ಹಾಕಿದಳಂತೆ. ಪಂಚರಿಲ್ಲ, ಅಫಿಡವಿಟ್ಟಿಲ್ಲ. ನನ್ನ ಮನೆಯ ಅಡುಗೆಮನೆಯಲ್ಲಿಯೇ ಒಂದು ಖೊಟ್ಟಿ ವಂಶಾವಳಿ ತಯಾರಾಗಿತ್ತು. ಅದನ್ನು ಸಭೆಗೆ ಓದಿ ಹೇಳಿದವನು ನಾನು.

ನನಗೆ ಸಿಟ್ಟು ಬರಬೇಕಾಗಿತ್ತು. ಅದರ ಬದಲು, ಅಣ್ಣಾಸಾಹೇಬರಿಗೆ ಗೊತ್ತಾದರೆ ಏನು ಗತಿ ಎಂದು ಹೆದರಿದೆ. ಅವರಿಗೆ ಆವತ್ತು ಸಂಜೆ ಊರು ಮುಟ್ಟುವ ಮೊದಲೇ, ಸುಜಾತಾಳ ಮೆಸೇಜು ಓದಿದ ಮಹೇಶ ಹೇಳಿಬಿಟ್ಟಿದ್ದನಂತೆ. ಅವರು ಜೀಪು ನಿಲ್ಲಿಸಿ ನಕ್ಕರಂತೆ. ಆ ರಾಜನ ಕಥೆಯನ್ನು ಅವರು ಒಂದು ಗಳಿಗೆಯೂ ನಂಬಿರಲಿಲ್ಲವಂತೆ.

"ನಂಬಿದ್ದಿಲ್ಲಂದ್ರ, ಅಣ್ಣತಮ್ಮಕಿ ಅಂತ ಯಾಕ ಅಂದ್ರು?" ಎಂದು ಕೇಳಿದೆ.

ಸುಜಾತಾ ಒಂದು ದ್ರಾಕ್ಷಿಯನ್ನು ಬಹಳ ಹೊತ್ತು ಒರೆಸಿದಳು. ಉತ್ತರ ಕೊಟ್ಟವಳು ಕಮಲಾ.

"ನಿಮಗ ಹುಡುಗೀನ್ನ ಕೊಡೂ ಮನಸ್ಸಿಲ್ಲ, ನೆವ ತಗದಾರ ಅಂತ ತಿಳಿದ್ರು. ನಿಮ್ಮ ಮಾನ ಉಳಸಾಕ ತಾವ ಬ್ಯಾಡ ಅಂದ್ರು. ನಾವೂ ಹಂಗ ತಿಳಿದಿದ್ವಿ. ಯಾಕ, ಹಂಗಲ್ಲೇನು?"

ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಇಪ್ಪತ್ತೆಂಟು ವರ್ಷಗಳಲ್ಲಿ ಎಷ್ಟೋ ಜನರನ್ನು ಎದುರಿಗೆ ಕೂಡಿಸಿಕೊಂಡು, ಇದು ಸತ್ಯವೆಂದು ನಿಮಗೆ ಖಾತ್ರಿ ಇದೆಯೇ ಎಂದು ಕೇಳಿ ಸಹಿ ಮಾಡಿಸಿದ್ದೇನೆ. ಆ ಹೊತ್ತಿಗೆ ನನ್ನನ್ನು ಕೇಳಿದ್ದರೆ ಹೆಬ್ಬೆಟ್ಟನ್ನೂ ಒತ್ತುವ ಧೈರ್ಯ ನನಗಿರಲಿಲ್ಲ. ದ್ರಾಕ್ಷಿ ಬಹಳ ಸಿಹಿ ಅದಾವ ಎಂದು ಹೇಳಿ, ಇನ್ನೊಂದು ಗೊಂಚಲು ತೆಗೆದುಕೊಂಡೆ.