ಗೆರೆಯ ಹಿಂದೆ ನಿಂತು ವಿದ್ವಾಂಸರನ್ನು ನೋಡತಕ್ಕದ್ದು

ಚಿತ್ರದಲ್ಲಿ ಮುಖ ಸ್ಪಷ್ಟವಾಗಿ ಕಾಣದ ಮಾತ್ರಕ್ಕೆ ಯಾವ ಪ್ರಾಧ್ಯಾಪಕರನ್ನೂ ಗೈರುಹಾಜರೆಂದು ಪರಿಗಣಿಸತಕ್ಕದ್ದಲ್ಲ ಎಂಬುದು ಹಳ್ಳಿಮೈಸೂರಿನ ನಮ್ಮ ಸರ್ವವಿದ್ಯಾ ಕಾಲೇಜಿನಲ್ಲಿ ಜಾರಿಯಲ್ಲಿರುವ ನಿಯಮ.

ಕಾಲೇಜಿನ ಅಧ್ಯಕ್ಷರಾದ ನಂಜಪ್ಪನವರು ಅರಕಲಗೂಡಿನಲ್ಲಿ ಶುಂಠಿ ಮಂಡಿ ಇಟ್ಟವರು. ಶುಂಠಿ ತೊಳೆಯುವ ಯಂತ್ರ ನೋಡಲು ಜರ್ಮನಿಗೆ ಹೋಗಿದ್ದಾಗ ಮಳೆ ಬಂದು, ಪಕ್ಕದ ಮ್ಯೂಸಿಯಂಗೆ ನುಗ್ಗಿದರು. ಅಲ್ಲಿ ಗೋಡೆಯಗಲದ ಚಿತ್ರವೊಂದರಲ್ಲಿ ಕಪ್ಪು ನಿಲುವಂಗಿಯ ಪ್ರಾಧ್ಯಾಪಕರು ಮೇಜಿನ ಸುತ್ತ ಸಭೆ ಸೇರಿದ್ದರು. ಅಧ್ಯಕ್ಷರು ಯಂತ್ರ ಮರೆತು ಊರಿಗೆ ಮರಳಿದರು.

“ಅಂಗೇ ನಮ್ಮೋರ್ದೂ ಒಂದ್ ಬರಿಸ್ಬೇಕು ಕಣ್ರೀ,” ಎಂದು ಪ್ರಾಂಶುಪಾಲ ಯೋಗಾನರಸಿಂಹರಿಗೆ ಅಪ್ಪಣೆಯಾಯಿತು.

ಹಾಸನದಿಂದ ಕಲಾವಿದೆ ಪ್ರಿಯಂವದಾ ಬಂದರು. ಮಂಜೂರಾದ ಹುದ್ದೆಗಳು ಒಂಬತ್ತು. ಇದ್ದವರು ಪ್ರಾಂಶುಪಾಲರು ಮತ್ತು ಹಂಸ ಮೇಡಂ. ಪ್ರಾಂಶುಪಾಲರಿಗೆ ಆಡಳಿತವಿದ್ದುದರಿಂದ, ಕನ್ನಡ ಉಪನ್ಯಾಸಕಿ ಹಂಸ ಅವರೇ ಉಳಿದೆಲ್ಲ ವಿಷಯಗಳನ್ನೂ ತಾತ್ಕಾಲಿಕವಾಗಿ, ಅಂದರೆ ಸೇರಿದಂದಿನಿಂದ, ಬೋಧಿಸುತ್ತಿದ್ದರು. ಕೊರತೆ ತುಂಬಲು ಅಧ್ಯಕ್ಷರ ಬಾಮೈದ, ಬಾಮೈದನ ಷಡ್ಡಕ, ಮಂಡಿಯಲ್ಲಿ ತೂಕ ಹಾಕುವವರು ಮುಂತಾದವರಿಗೆ ಕೊಡೆಬಟ್ಟೆಯ ನಿಲುವಂಗಿ ಹೊಲಿಸಿ, ಪ್ರಾಂಶುಪಾಲರ ಸುತ್ತ ಕೂರಿಸಲಾಯಿತು. ಹಂಸರಿಗೆ ತರಗತಿಯಿತ್ತು, ಕೂರಲಾಗಲಿಲ್ಲ; ಅವರ ಜಾಗಕ್ಕೂ ಒಬ್ಬರನ್ನು ಕೂರಿಸಿ ಒಂಬತ್ತು ಮಾಡಲಾಯಿತು.

ಚಿತ್ರ ಮುಗಿದ ದಿನ ಪ್ರಿಯಂವದಾ ವಿವರಿಸಿದರು: “ಇದು ಜರ್ಮನಿಯ ಇಂಪ್ರೆಷನಿಸ್ಟ್ ಶೈಲಿ ಸರ್. ಹತ್ತಿರದಿಂದ ಬರೀ ಬಣ್ಣದ ಗೀರು. ದೂರದಿಂದ ನೋಡಿದರೆ ಮನುಷ್ಯರು.”

ಅಧ್ಯಕ್ಷರ ಕಣ್ಣು ತುಂಬಿ ಬಂತು. “ಅತ್ರ ಬಂದ್ರೆ ಯಾರೂ ಇಲ್ಲ, ದೂರದಿಂದ ಎಲ್ಲಾ ಅವ್ರೆ. ನಮ್ ಕಾಲೇಜ್ನೇ ಬರ್ದ್ಬುಟ್ಟೆ ಕಣವ್ವ!”

ಮಾನ್ಯತೆ ನವೀಕರಣಕ್ಕೆ ತಪಾಸಣಾ ಸಮಿತಿ ಬಂತು. ಸಮಿತಿಯ ಮುಖ್ಯಸ್ಥ ಡಾ. ಪ್ರದ್ಯುಮ್ನ ಅಧ್ಯಾಪಕರನ್ನು ನೋಡಬೇಕೆಂದಾಗ, ಸಮಿತಿಯನ್ನು ಚಿತ್ರದಿಂದ ದೂರಕ್ಕೆ, ಸಭಾಂಗಣದ ನೆಲಕ್ಕೆ ಬಳಿದ ಬಿಳಿ ಗೆರೆಯ ಹಿಂದೆ ನಿಲ್ಲಿಸಲಾಯಿತು.

“ಇವರು?”

“ಭೌತಶಾಸ್ತ್ರ ಸಾರ್,” ಎಂದರು ಪ್ರಾಂಶುಪಾಲರು.

“ಮುಖವೇ ಇಲ್ಲವಲ್ಲ?”

“ಚಿಂತನೆಯಲ್ಲಿದ್ದಾರೆ.”

“ಪಕ್ಕದ ಹಳದಿ ಗೀರು?”

“ಅರ್ಥಶಾಸ್ತ್ರ. ಅರ್ಧ ದಿನ ರಜೆ.”

ಊಟದ ನಂತರ ಸಮಿತಿಯು ಎಲ್ಲ ಹುದ್ದೆಗಳೂ ಭರ್ತಿಯಾಗಿವೆ ಎಂದು ಸಂತೋಷದಿಂದ ದಾಖಲಿಸಿತು. ಅಷ್ಟರಲ್ಲಿ ಹಂಸ ಸೀಮೆಸುಣ್ಣದ ಕೈಯಲ್ಲೇ ತರಗತಿಯಿಂದ ಬಂದರು.

“ಈಕೆ ಯಾರು?”

“ಉಪನ್ಯಾಸಕಿ ಸಾರ್,” ಎಂದು ಹಂಸರೇ ಹೇಳಿದರು.

ಡಾ. ಪ್ರದ್ಯುಮ್ನ ಚಿತ್ರ ನೋಡಿದರು, ಹಂಸರನ್ನು ನೋಡಿದರು. “ನೀವು ಇದರಲ್ಲಿಲ್ಲ. ನೀವು ಹೆಚ್ಚುವರಿ.”

ಹಂಸರನ್ನು ಅಂದೇ ಕೆಲಸದಿಂದ ಬಿಡುಗಡೆ ಮಾಡಲಾಯಿತು. ಮರುದಿನದಿಂದ ತರಗತಿಗಳು ಮೌನವಾಗಿ ನಡೆದವು. ಅಂತಿಮ ವರ್ಷದ ಅನುಶ್ರೀ ಅಧ್ಯಕ್ಷರನ್ನು ತಡೆದು ಕೇಳಿದಳು: “ಪರೀಕ್ಷೆ ಅತ್ರ ಬಂತು ಸಾ. ಪಾಠ ಮಾಡೋರ್ಯಾರು?”

“ಅಷ್ಟ್ ಜನ ಕುಂತವ್ರಲ್ಲವ್ವಾ!”

“ಅವ್ರು ಮಾತಾಡ್ತಿಲ್ಲ ಸಾ.”

ದೂರಿನಲ್ಲಿ ಸತ್ಯಾಂಶ ಕಂಡುಬಂತು. ಚಿತ್ರದಲ್ಲಿ ಕಿಟಕಿಯ ಪಕ್ಕ ಜಾಗವಿದೆ, ಹಂಸರನ್ನೂ ಬರೆಯಬಹುದು ಎಂದರು ಪ್ರಿಯಂವದಾ. ಹತ್ತನೆಯ ಹುದ್ದೆ ಮಂಜೂರಾಗಿಲ್ಲ, ಒಬ್ಬರನ್ನು ಅಳಿಸಿ ಬರೆಯಿರಿ ಎಂದರು ಡಾ. ಪ್ರದ್ಯುಮ್ನ. ಸುದ್ದಿ ತಿಳಿದು ಬಾಮೈದನ ಹೆಂಡತಿ ಮಂಡಿಗೇ ಬಂದು ಗೋಳಾಡಿದಳು: “ನನ್ ಗಂಡನ್ನ ಅಳ್ಸಬ್ಯಾಡಿ ಅಣ್ಣಾ!”

ಕೊನೆಗೆ ‘ಚಿತ್ರ ಪಾಲಕಿ’ ಎಂಬ ಹುದ್ದೆ ಸೃಷ್ಟಿಸಿ, ಹಂಸರನ್ನು ಕರೆಸಿ ಆದೇಶ ಓದಲಾಯಿತು: “ದಿನವೂ ಚಿತ್ರದ ಧೂಳು ಒರೆಸತಕ್ಕದ್ದು. ಚಿತ್ರಸ್ಥ ಪ್ರಾಧ್ಯಾಪಕರು ಇಳಿದು ಬರಲಾಗದ ದಿನಗಳಲ್ಲಿ ಅವರ ಪರವಾಗಿ ಪಾಠ ಮಾಡತಕ್ಕದ್ದು.”

ಹಂಸ ಆದೇಶವನ್ನು ಮಡಚಿಕೊಂಡರು. ಬಾಗಿಲಾಚೆ ವಿದ್ಯಾರ್ಥಿಗಳು ಪುಸ್ತಕ ಹಿಡಿದು ಕಾಯುತ್ತಿದ್ದರು.

“ಪಾಠ ಆದಮೇಲೆ ಧೂಳು ಒರೆಸಬಹುದಾ ಸಾರ್?”

“ಧಾರಾಳವಾಗಿ,” ಎಂದರು ಪ್ರಾಂಶುಪಾಲರು.

ಆ ವರ್ಷ ಎಲ್ಲರೂ ಪಾಸಾದರು. ಚನ್ನರಾಯಪಟ್ಟಣದ ಸಮಾರಂಭದಲ್ಲಿ ಅತ್ಯುತ್ತಮ ಶಿಕ್ಷಕ ಪ್ರಶಸ್ತಿಯು ಚಿತ್ರದಲ್ಲಿನ ರಸಾಯನಶಾಸ್ತ್ರದವರಿಗೆ ಸಂದಿತು. ಚಿತ್ರವನ್ನು ಲಾರಿಯಲ್ಲಿ ತಂದು ವೇದಿಕೆಗೆ ಏರಿಸಿ, ಚೌಕಟ್ಟಿಗೆ ಶಾಲು ಹೊದಿಸಲಾಯಿತು. ಪುರಸ್ಕೃತರು ಮಾತಾಡುವ ಸ್ಥಿತಿಯಲ್ಲಿಲ್ಲದ ಕಾರಣ, ಕೃತಜ್ಞತೆ ಹೇಳಲು ಹಂಸರನ್ನು ಕರೆದರು.

“ನನ್ನ ವಿದ್ಯಾರ್ಥಿಗಳೇ,” ಎಂದು ಆರಂಭಿಸಿದ ಹಂಸ, ಚಿತ್ರದ ಕಡೆ ತಿರುಗಿ ನೋಡಿ, “ಕ್ಷಮಿಸಿ, ಇವರ ವಿದ್ಯಾರ್ಥಿಗಳೇ,” ಎಂದು ತಿದ್ದಿಕೊಂಡರು.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.