ಪದ್ಮಣ್ಣನ ಮಂಡಿ ಮತ್ತು ನನ್ನ ಹ್ಯಾಂಡ್‌ಬ್ರೇಕು

ಯಾವ ವಸ್ತುವಾದರೂ ಕೆಟ್ಟ ಮೊದಲ ವಾರ ಮಾತ್ರ ಕೆಟ್ಟಿರುತ್ತದೆ. ಎರಡನೆಯ ವಾರ ನಾವು ಅದಕ್ಕೊಂದು ಉಪಾಯ ಹುಡುಕುತ್ತೇವೆ. ಮೂರನೆಯ ವಾರಕ್ಕೆ ಆ ಉಪಾಯವೇ ಪದ್ಧತಿಯಾಗಿರುತ್ತದೆ. ಡೊಂಬಿವಲಿಯ ನಮ್ಮ ಸಣ್ಣ ಹೋಟೆಲಿನಲ್ಲಿ ಇಂಥ ಪದ್ಧತಿಗಳು ಬೇಕಾದಷ್ಟಿವೆ. ಕೈ ತೊಳೆಯುವ ನಲ್ಲಿಯನ್ನು ಎಡಕ್ಕೆ ತಿರುಗಿಸಿ, ಸ್ವಲ್ಪ ಮೇಲಕ್ಕೆತ್ತಿ, ಮತ್ತೆ ಬಲಕ್ಕೆ ತಿರುಗಿಸಬೇಕು. ಗಲ್ಲಾದ ಮೇಲಿನ ಫ್ಯಾನಿಗೆ ಸ್ವಿಚ್ ಒತ್ತಿದ ಮೇಲೆ ಸೌಟಿನ ಹಿಡಿಯಿಂದ ಒಮ್ಮೆ ದೂಡಬೇಕು. ಹಳೆಯ ಗಿರಾಕಿಗಳಿಗೆ ಇದೆಲ್ಲ ಗೊತ್ತು. ಹೊಸಬರು ಯಾರಾದರೂ ಸಾಂಬಾರು ಮೆತ್ತಿದ ಕೈ ಹಿಡಿದುಕೊಂಡು ನಲ್ಲಿಯ ಮುಂದೆ ಕಂಗಾಲಾಗಿ ನಿಂತರೆ ಅವರೇ ಎದ್ದು ಹೋಗಿ ಹೇಳಿಕೊಡುತ್ತಾರೆ. ರಿಪೇರಿಯ ವಿಷಯದಲ್ಲಿ ನಾನು ಶುದ್ಧ ಸೋಮಾರಿ ಎಂದು ನನ್ನ ಹೆಂಡತಿಯ ಅಭಿಪ್ರಾಯ. ಸೋಮಾರಿಯಲ್ಲ, ಹೊಂದಿಕೊಂಡು ಹೋಗುವ ಸ್ವಭಾವ ಎಂದು ನನ್ನ ಅಭಿಪ್ರಾಯ. ಈ ಸ್ವಭಾವದಿಂದ ಇನ್ನೊಬ್ಬರಿಗೆ ಏನಾಯಿತು ಎಂಬುದು ನನಗೆ ಗೊತ್ತಾದದ್ದು ಇತ್ತೀಚೆಗೆ.

ನಮ್ಮಲ್ಲೊಂದು ಪಿಕಪ್ ಗಾಡಿ ಇದೆ, ಅಪ್ಪನ ಕಾಲದ್ದು. ದಿನಾ ಬೆಳಿಗ್ಗೆ ಠಾಣೆ, ಕಲ್ಯಾಣದ ಆಫೀಸುಗಳ ಕ್ಯಾಂಟೀನಿಗೆ ಇಡ್ಲಿ ವಡೆ ಕೊಂಡೊಯ್ಯುವುದಕ್ಕೆ, ದಿನ ಬಿಟ್ಟು ದಿನ ವಾಶಿ ಮಾರ್ಕೆಟ್ಟಿನಿಂದ ತರಕಾರಿ ತರುವುದಕ್ಕೆ ಅದೇ. ಆರು ವರ್ಷದ ಹಿಂದೆ ಅದರ ಹ್ಯಾಂಡ್‌ಬ್ರೇಕು ಕೆಟ್ಟಿತು. ಹಿಡಿಯನ್ನು ಎಳೆದರೆ ಕಟಕಟ ಎಂದು ಸದ್ದು ಮಾಡುತ್ತ ಮೇಲೆ ಬರುತ್ತಿತ್ತು. ಬಂದ ರಭಸ ನೋಡಿದರೆ ಗಾಡಿ ಇನ್ನು ಜನ್ಮದಲ್ಲಿ ಅಲುಗಾಡಲಿಕ್ಕಿಲ್ಲ ಎನಿಸಬೇಕು. ಗಾಡಿ ಮಾತ್ರ ತನ್ನ ಪಾಡಿಗೆ ತಾನು ಹೊರಡುತ್ತಿತ್ತು. ಗೇರಿನಲ್ಲಿ ಹಾಕಿ ಇಂಜಿನ್ ಬಂದ್ ಮಾಡಿದರಾಗದೇ ಎಂದು ನೀವು ಕೇಳಬಹುದು. ಆಗುತ್ತದೆ. ಆದರೆ ಒಮ್ಮೆ ಬಂದ್ ಮಾಡಿದ ಇಂಜಿನ್ ಮತ್ತೆ ಚಾಲೂ ಆಗುವುದು ಅದರ ಮರ್ಜಿ. ಅದು ಬೇರೆಯೇ ಒಂದು ಪದ್ಧತಿ. ಆದ್ದರಿಂದ ಗಾಡಿ ನಿಂತಲ್ಲೆಲ್ಲ ನಾನು ಬ್ರೇಕ್ ತುಳಿದುಕೊಂಡು ಕೂರುವುದು, ಪದ್ಮಣ್ಣ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುವುದು ಎಂದಾಯಿತು.

ಪದ್ಮಣ್ಣ ಅಂದರೆ ಅಪ್ಪನ ಕಾಲದಿಂದ ನಮ್ಮಲ್ಲಿ ದೋಸೆ ಹೊಯ್ಯುತ್ತಿದ್ದವರು. ಉಡುಪಿ ಕಡೆಯವರೇ. ನನ್ನನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲವರು. ಮೂವತ್ತು ವರ್ಷ ಕಾವಲಿಯ ಮುಂದೆ ನಿಂತು ನಿಂತು ಅವರ ಮಂಡಿ ಸವೆದುಹೋಯಿತು. ಒಂದು ದಿನ ಅವರು, "ರಘು, ಇನ್ನು ನಿಲ್ಲಿಕ್ಕೆ ಆಗುದಿಲ್ಲ ಮಾರಾಯ" ಅಂದರು. ಹ್ಯಾಂಡ್‌ಬ್ರೇಕು ಕೆಟ್ಟದ್ದು ಅದೇ ತಿಂಗಳು. "ನಿಲ್ಲುವುದು ಬೇಡ ಪದ್ಮಣ್ಣ, ಗಾಡಿಯಲ್ಲಿ ಕೂತುಕೊಳ್ಳಿ. ನಿಂತಲ್ಲಿ ಒಂದು ಕಲ್ಲು ಕೊಟ್ಟರೆ ಸಾಕು" ಎಂದೆ. ಅಪ್ಪನ ಕಾಲದವರನ್ನು ಹೋಗಿ ಎನ್ನುವುದು ನಮ್ಮಲ್ಲಿಲ್ಲ. ಎಲ್ಲಾದರೂ ಒಂದು ಕಡೆ ಕೂರಿಸುತ್ತೇವೆ. ಅವರೂ ಆಗಲಿ ಎಂದರು. ಹಳೆಯ ಒಲೆ ಒಡೆದಾಗ ಉಳಿದಿದ್ದ ಒಂದು ಕಲ್ಲನ್ನು ಅವರೇ ಆರಿಸಿ ಕಾಲಬುಡದಲ್ಲಿ ಇಟ್ಟುಕೊಂಡರು. ನನ್ನ ಮಗಳು ಅದನ್ನು ನೋಡಿ, "ಪಪ್ಪಾ, ಏ ಕ್ಯಾ ಜುಗಾಡ್ ಹೈ!" ಎಂದು ನನ್ನ ಉಪಾಯಕ್ಕೆ ನಕ್ಕು ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿದಳು.

ಹ್ಯಾಂಡ್‌ಬ್ರೇಕು ರಿಪೇರಿ ಮಾಡಿಸಬೇಕು ಎಂದು ನನಗೆ ಆಗಾಗ ಅನಿಸುತ್ತಿರಲಿಲ್ಲ ಎಂದಲ್ಲ. ಆದರೆ ಮೆಕ್ಯಾನಿಕ್ಕನ ಹತ್ತಿರ ಬಿಟ್ಟರೆ ಅರ್ಧ ದಿನ ಗಾಡಿ ಇಲ್ಲ. ಆ ಅರ್ಧ ದಿನ ಆರು ವರ್ಷದಲ್ಲಿ ಸಿಗಲಿಲ್ಲ. ನಡುವೆ ಎಲ್ಲೋ ನನಗೊಂದು ಸುಂದರವಾದ ಸಮಾಧಾನ ಹೊಳೆಯಿತು. ಬ್ರೇಕು ಸರಿಯಾದರೆ ಪದ್ಮಣ್ಣನಿಗೆ ಕೆಲಸವೇನು? ಪಾಪ, ಮಾನಿಷ್ಠ ಮನುಷ್ಯ, ಸುಮ್ಮನೆ ಕೂತು ಸಂಬಳ ತೆಗೆದುಕೊಳ್ಳುವವರಲ್ಲ. ಹಾಗಾಗಿ ನಾನು ಅವರಿಗೋಸ್ಕರವೇ ಬ್ರೇಕು ಕೆಟ್ಟಿರಲು ಬಿಟ್ಟಿದ್ದೇನೆ ಎಂದುಕೊಂಡೆ. ಇದನ್ನು ಹೆಂಡತಿಗೂ ಹೇಳಿದೆ. ಅವಳು ನನ್ನ ಮುಖ ನೋಡಿ ಒಳಗೆ ಹೋದಳು. ಸೋಮಾರಿತನಕ್ಕೆ ದಯೆಯ ಅಂಗಿ ತೊಡಿಸಿದರೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂಬುದು ತೊಡಿಸಿದವನಿಗೇ ಗೊತ್ತು.

ಕಳೆದ ತಿಂಗಳು ವಾಶಿ ಮಾರ್ಕೆಟ್ಟಿನಲ್ಲಿ ಗಾಡಿ ನಿಲ್ಲಿಸಿದೆ. ಪದ್ಮಣ್ಣ ಕಲ್ಲು ಹಿಡಿದು ಇಳಿದರು. ಅವರು ಹಿಂದೆ ಹೋಗಿ ಕಲ್ಲು ಕೊಟ್ಟಾಗಿರಬೇಕು ಎಂಬ ಅಂದಾಜಿನಲ್ಲಿ ನಾನು ಬ್ರೇಕಿನಿಂದ ಕಾಲು ತೆಗೆದೆ. ಅವತ್ತು ಅವರಿನ್ನೂ ಬಾಗಿಲು ಹಿಡಿದುಕೊಂಡು ಮಂಡಿ ನೇರ ಮಾಡುತ್ತಿದ್ದರಂತೆ. ಗಾಡಿ ಹಿಂದೆ ಜಾರಿತು. ಅವರು ಕಲ್ಲು ಹಿಡಿದು ಓಡಹೋಗಿ ಮುಗ್ಗರಿಸಿ ಬಿದ್ದರು. ನಾನು ಮತ್ತೆ ಬ್ರೇಕ್ ತುಳಿಯುವಷ್ಟರಲ್ಲಿ ಹಿಂದೆ ಯಾರೋ ವ್ಯಾಪಾರಿ ಇಟ್ಟಿದ್ದ ಎರಡು ಕ್ರೇಟ್ ಟೊಮೆಟೊ ಚಟ್ನಿಯಾಗಿತ್ತು. ಪದ್ಮಣ್ಣನ ಮೊಣಕೈ ತರಚಿತ್ತು. "ನಂದೇ ತಪ್ಪು ಮಾರಾಯ, ಇವತ್ತು ಸ್ವಲ್ಪ ತಡ ಆಯ್ತು" ಎಂದು ಅವರೇ ನನ್ನ ಹತ್ತಿರ ಕ್ಷಮೆ ಕೇಳಿದರು.

ಮರುದಿನವೇ ವಿಠ್ಠಲವಾಡಿಯ ಗಣಪತ್ ಮೆಕ್ಯಾನಿಕ್ಕನ ಹತ್ತಿರ ಹೋದೆ. ಅವನು ಗಾಡಿಯ ಅಡಿಗೆ ನುಸುಳಿ, ಹಿಂದಿನ ಚಕ್ರ ಬಿಚ್ಚಿ ನೋಡಿ, "ಅಣ್ಣಾ, ಕೇಬಲ್ ಕಬ್ ಕಾ ಟೂಟ್ ಗಯಾ ಹೈ. ಇತ್ನೇ ದಿನ್ ಕೈಸೇ ಚಲಾಯಾ?" ಎಂದ. ಹೇಗೆ ಓಡಿಸಿದೆ ಎಂದು ಹೇಳಲು ನಾಚಿಕೆಯಾಗಿ ಮೊಬೈಲು ನೋಡಿದೆ. ತುಕ್ಕು ಹಿಡಿದು ಕವಚದೊಳಗೇ ತುಂಡಾಗಿದ್ದ ಕೇಬಲ್ಲನ್ನು ಅವನು ಎಳೆದು ಬಿಸಾಡಿ ಹೊಸದು ಹಾಕಿದ. ಸವೆದ ಬ್ರೇಕ್ ಶೂ ಬದಲಿಸಿದ. ಹತ್ತಿರದ ಸೇತುವೆಯ ಏರಿನಲ್ಲಿ ಗಾಡಿ ನಿಲ್ಲಿಸಿ ಹಿಡಿ ಎಳೆದು ತೋರಿಸಿದ. ಗಾಡಿ ಅಲುಗಾಡಲಿಲ್ಲ. ಅರ್ಧ ದಿನವೂ ಹಿಡಿಯಲಿಲ್ಲ. ಬೆಳಿಗ್ಗೆ ಬಿಟ್ಟದ್ದು ಊಟದ ಹೊತ್ತಿಗೆ ಮೊದಲೇ ಮುಗಿದಿತ್ತು.

ಮೊದಲ ದಿನ ಠಾಣೆಯ ಕ್ಯಾಂಟೀನಿನ ಮುಂದೆ ಗಾಡಿ ನಿಂತಾಗ ಪದ್ಮಣ್ಣ ಅಭ್ಯಾಸಬಲದಿಂದ ಬಾಗಿಲು ತೆರೆದು ಒಂದು ಕಾಲು ಹೊರಗೆ ಹಾಕಿದರು. ನಾನು ಹಿಡಿ ಎಳೆದೆ. ಅವರು ಮೆಲ್ಲಗೆ ಕಾಲು ಒಳಗೆ ತೆಗೆದುಕೊಂಡು ಬಾಗಿಲು ಹಾಕಿ, ಹಿಡಿಯನ್ನೇ ನೋಡುತ್ತ ಕೂತರು. ನನಗೆ ಸಂಕಟವಾಯಿತು. ಮೂರು ದಿನ ಹಾಗೆಯೇ ಕೂತು ಬಂದರು. ನಾಲ್ಕನೆಯ ದಿನ ಅವರ ಹೆಂಡತಿ ಗಿರಿಜಕ್ಕ ಫೋನ್ ಮಾಡಿ, "ಇವ್ರು ಇನ್ನು ಬರುದಿಲ್ಲಂತೆ" ಎಂದು ಇಟ್ಟುಬಿಟ್ಟರು. ಒಂದು ಕೇಬಲ್ಲಿನಿಂದ ಹಿರಿಯರ ಮಾನ ಕಳೆದೆನಲ್ಲ ಎಂದುಕೊಂಡೆ. ನೇರ ಗಣಪತ್‌ನ ಹತ್ತಿರ ಹೋಗಿ, ಬ್ರೇಕನ್ನು ಸ್ವಲ್ಪ ಸಡಿಲ ಮಾಡಲಿಕ್ಕಾಗುತ್ತದೆಯೇ ಎಂದು ಕೇಳಿದೆ. "ಬಿಗಾಡ್ನೇ ಕೇ ವಾಸ್ತೇ ಗ್ಯಾರೇಜ್ ಖೋಲಾ ಹೈ ಕ್ಯಾ, ಅಣ್ಣಾ?" ಎಂದು ಅವನು ಸ್ಪ್ಯಾನರ್ ಕೆಳಗಿಟ್ಟ. ಕೆಡಿಸಲಿಕ್ಕೆ ಅವನು ಗ್ಯಾರೇಜು ತೆರೆದಿರಲಿಲ್ಲ.

ಕೊನೆಗೆ ರೈಲು ಹಿಡಿದು ಪದ್ಮಣ್ಣನ ಮನೆಯಿರುವ ಕಳವಾಕ್ಕೆ ಹೋದೆ. ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಹತ್ತಿ ಇಳಿಯುವಾಗಲೇ ಏದುಸಿರು ಬಂತು. ಪದ್ಮಣ್ಣ ದಿನಾ ಇದನ್ನು ಹತ್ತಿ ಇಳಿದು ಬರುತ್ತಿದ್ದರು ಎಂಬುದು ನನ್ನ ತಲೆಗೆ ಹೊಕ್ಕಿದ್ದು ಆಗ. ಸಾಲುಮನೆಗಳ ಚಾಳಿನ ಅವರ ರೂಮಿನಲ್ಲಿ ಅವರು ಮಂಚದ ಮೇಲೆ ಕಾಲು ಚಾಚಿ, ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಒಪ್ಪಿಸಿದೆ.

"ಪದ್ಮಣ್ಣ, ಬೇಜಾರು ಮಾಡ್ಕೊಳ್ಬೇಡಿ. ಬ್ರೇಕು ಸರಿಯಾಯ್ತು ಅಂತ ನೀವು ಬೇಡ ಅಂತಲ್ಲ. ಆ ಸೀಟು ನಿಮ್ಮದೇ."

"ಬೇಜಾರು ಎಂಥದು ಮಾರಾಯ?" ಎಂದು ಅವರು ನಕ್ಕರು. "ಆರು ವರ್ಷದಿಂದ ಬಿಡ್ಬೇಕು ಅಂತಲೇ ಇದ್ದೆ. ನಿನ್ನ ಬ್ರೇಕ್ ಹಿಡೀತಿರ್ಲಿಲ್ಲ ಅಲ್ವಾ? ನಿನ್ನೊಬ್ಬನನ್ನೇ ಕಳಿಸಿ ಗಾಡಿ ಎಲ್ಲಾದ್ರೂ ಜಾರಿದ್ರೆ ನನಗೆ ಮನೇಲಿ ಕೂತು ಊಟ ಸೇರ್ತದಾ? ಈಗ ಸಮಾಧಾನ ಆಯ್ತು. ಮೂರು ದಿನ ಕೂತು ನೋಡಿದೆ, ಸರೀ ಹಿಡೀತದೆ."

"ರಿಪೇರಿ ಮಾಡ್ಸು ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಗೆ ಹೇಳುದು? ಇವರಿಗೆ ಇಳಿದು ಹತ್ಲಿಕ್ಕೆ ಕಷ್ಟ ಆಗ್ತದೆ ಅಂತ ನೀನು ತಿಳ್ಕೊಂಡ್ರೆ?"

"ಆಗ್ತಿತ್ತಲ್ಲ ಕಷ್ಟ!" ಎಂದರು ಒಳಗಿನಿಂದ ಗಿರಿಜಕ್ಕ. "ಹತ್ತುದು ಇಳಿಯುದು ಬೇಡ ಅಂತ ಡಾಕ್ಟ್ರು ಹೇಳಿ ನಾಲ್ಕು ವರ್ಷ ಆಯ್ತು."

ದಿನಕ್ಕೆ ಹದಿನೈದೋ ಇಪ್ಪತ್ತೋ ಸಲ ನಾನು ಅವರನ್ನು ಇಳಿಸಿದ್ದೇನೆ. ಬೇಗ ಬೇಗ ಎಂದು ಹಾರ್ನ್ ಕೂಡ ಹೊಡೆದಿದ್ದೇನೆ. ಅಷ್ಟು ವರ್ಷ ಅವರ ಪಕ್ಕದಲ್ಲೇ ಕೂತು, ಮಂಡಿ ಹೇಗಿದೆ ಪದ್ಮಣ್ಣ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೂ ಅವರು ಚೆನ್ನಾಗಿದೆ ಎನ್ನುತ್ತಿದ್ದರು ನಿಜ. ಆದರೆ ನಾನು ಕೇಳಲಿಲ್ಲವಲ್ಲ.

ಅಷ್ಟರಲ್ಲಿ ಗಿರಿಜಕ್ಕ ಕಾಫಿ ತಂದು ಕೈಗೆ ಕೊಟ್ಟು, "ನಿಮ್ಮ ಉಪಕಾರ ಮರೀಲಿಕ್ಕಿಲ್ಲ" ಎಂದರು. "ಇವ್ರ ಮಂಡಿ ನೋವು ನೋಡ್ಲಿಕ್ಕಾಗದೆ ನೀವು ಹಟ ಹಿಡಿದು ಬ್ರೇಕು ಮಾಡಿಸಿದ್ರಂತೆ. ಧಣಿ ಅಂದ್ರೆ ಹೀಗಿರ್ಬೇಕು ಅಂತ ಇವ್ರು ಚಾಳಿಗೆಲ್ಲ ಹೇಳಿ ಬಂದಿದ್ದಾರೆ."

ಅಲ್ಲ, ಹಾಗಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಆಗಲೇ ಪಕ್ಕದ ಮನೆಗಳವರು, ಇವರೇನಾ ಆ ಧಣಿ ಎಂದು ನೋಡಲು ಬಾಗಿಲಿಗೆ ಬಂದು ನಿಂತಿದ್ದರು. ಒಬ್ಬ ಮುದುಕಿಯಂತೂ ಕೈಯೆತ್ತಿ ಮುಗಿದಳು. ನಾನು ಕಾಫಿ ಲೋಟ ಕೆಳಗಿಟ್ಟು, ಎದ್ದು ನಿಂತು, ಎಲ್ಲರಿಗೂ ನಮಸ್ಕಾರ ಮಾಡಿದೆ.