ಇದರ ಕೆಲಸ ಮುಗಿಯಿತು, ಬಿಸಾಡಲೇ?

ಷಡ್ಡಕ ಎಂಬ ಸಂಬಂಧವನ್ನು ಕಂಡುಹಿಡಿದ ಮಹಾನುಭಾವನಿಗೆ ಸ್ವಂತ ಷಡ್ಡಕ ಇರಲಿಲ್ಲವೆಂದು ನಾನು ಬರೆದುಕೊಡಬಲ್ಲೆ. ಹೆಂಡತಿಯನ್ನು ನಾವೇ ನೋಡಿ, ಒಪ್ಪಿ, ಕರೆತರುತ್ತೇವೆ (ಹಾಗೆಂದು ನಂಬಿಕೊಂಡಿರುತ್ತೇವೆ). ಅತ್ತೆ ಮಾವ ಸಿಗುತ್ತಾರೆಂಬುದು ಮೊದಲೇ ತಿಳಿದಿರುತ್ತದೆ. ಹೆಂಡತಿಯ ಅಕ್ಕನ ಗಂಡನ ಬಗ್ಗೆ ಮಾತ್ರ ಯಾರೂ ಎಚ್ಚರಿಸುವುದಿಲ್ಲ. ಅವನು ನಮಗಿಂತ ಮುಂಚೆ ಆ ಮನೆಗೆ ಅಳಿಯನಾಗಿ ಬಂದು, ಒಳ್ಳೆಯ ಕುರ್ಚಿಯನ್ನೂ ಒಳ್ಳೆಯ ಹೆಸರನ್ನೂ ಹಿಡಿದುಕೊಂಡು ಕೂತಿರುತ್ತಾನೆ.

ನನ್ನ ಷಡ್ಡಕ ಕಾರು ಕಲಿಸುವ ಶಾಲೆ ನಡೆಸುತ್ತಾನೆ. (ಎದುರಿಗೆ 'ಭಾವ, ನೀವು' ಅನ್ನುತ್ತೇನೆ, ಇಲ್ಲಿ ನಾವು ನಾವೇ ಇದ್ದೇವಲ್ಲ, ಏಕವಚನ ನಡೆಯುತ್ತದೆ.) ಲೋಕದಲ್ಲಿರುವವರೆಲ್ಲ ಅವನ ಪಾಲಿಗೆ ಇನ್ನೂ ಲೈಸೆನ್ಸ್ ಸಿಗದ ಶಿಷ್ಯರು. ನಾನಂತೂ ಅವರಲ್ಲೆಲ್ಲ ದಡ್ಡ.

ಮದುವೆಯಾದ ಹೊಸದರಲ್ಲಿ ಒಂದು ದಿನ, ನಾನು ಆಸೆಯಿಂದ ಕೊಂಡಿದ್ದ ವಿಡಿಯೋ ಗೇಮಿನ ಯಂತ್ರವನ್ನು ಅತ್ತೆಮನೆಯ ಟಿವಿಗೆ ಸಿಕ್ಕಿಸಿ, ಅಳಿಯಂದಿರಿಬ್ಬರೂ ಆಡಲು ಕೂತೆವು. ಭಯಾನಕ ಆಟ. ಪಾಳುಬಿದ್ದ ದೊಡ್ಡ ಹೋಟೆಲಿನಲ್ಲಿ ಟೆಲಿಫೋನ್ ಆಪರೇಟರ್ ಹುಡುಗಿಯೊಬ್ಬಳು ಸಿಕ್ಕಿಹಾಕಿಕೊಂಡಿದ್ದಾಳೆ. ಕೀಲಿಕೈಗಳನ್ನು ಹುಡುಕಿ ಅವಳನ್ನು ಹೊರಗೆ ತರಬೇಕು. ಉದ್ದ ಕೋಟಿನ ರಾಕ್ಷಸನೊಬ್ಬ ಸರಪಳಿ ಎಳೆದುಕೊಂಡು ಅವಳ ಬೆನ್ನು ಹತ್ತಿರುತ್ತಾನೆ. ಮೂರನೆಯ ಮಹಡಿಯ ಬಚ್ಚಲಲ್ಲಿ ಒಂದು ಸ್ನಾನದ ತೊಟ್ಟಿ, ತೊಟ್ಟಿಯ ನೀರಿನಲ್ಲಿ ಒಂದು ಕೀಲಿಕೈ. ಎತ್ತಿಕೊಳ್ಳೋಣವೆಂದು ಬಗ್ಗಿದೆ. ನೀರಿನೊಳಗಿಂದ ಒಂದು ಕೈ ಮೇಲೆ ಬಂತು. ನಾನು ಕಿಟಾರನೆ ಕಿರುಚಿ, ಪಕ್ಕದಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದ ಅತ್ತೆಯ ಮಡಿಲಿಗೆ ಹಾರಿದೆ. ಬಟಾಣಿಯನ್ನು ಮಂಚದ ಕೆಳಗಿನಿಂದ ಆರಿಸುವುದು ಮರುದಿನವೂ ನಡೆದಿತ್ತಂತೆ.

ಷಡ್ಡಕ ಅದೇ ಆಟವನ್ನು ಎರಡು ಗಂಟೆಯೊಳಗೆ ಮುಗಿಸಿದ. ಆ ದಾಖಲೆ ಯಂತ್ರದ ನೆನಪಿನಲ್ಲಿ ಇವತ್ತಿಗೂ ಹಾಗೇ ಕೂತಿದೆ. ನನಗೆ ಉಳಿದದ್ದು 'ತೊಟ್ಟಿ' ಎಂಬ ಹೆಸರು. ಮಗಳು ಹುಟ್ಟಿದಾಗ "ತೊಟ್ಟಿಗೆ ಹೆಣ್ಣುಮಗು" ಎಂದು ಊರಿಗೆಲ್ಲ ಸುದ್ದಿ ಮುಟ್ಟಿಸಿದ ಪುಣ್ಯಾತ್ಮ ಅವನು.

ಇಷ್ಟು ವರ್ಷ ನುಂಗಿಕೊಂಡೆ. ಆದರೆ ಈಗ ಆ ಮಗಳಿಗೇ ಗಂಡು ಗೊತ್ತಾಗಿ, ಬೀಗರು ಮುಂದಿನ ತಿಂಗಳು ಬಂದು ಎರಡು ದಿನ ಇರುವುದೆಂದು ನಿಶ್ಚಯವಾಯಿತು. ಆ ಸುದ್ದಿ ತಿಳಿದ ಷಡ್ಡಕ ಫೋನ್ ಮಾಡಿದ.

"ಏನಪ್ಪಾ ತೊಟ್ಟಿ, ಬೀಗರು ಬರ್ತಾರಂತೆ. ನಾನೂ ಬರ್ತೀನಿ. ಹೊಸಬ್ರು ಮಾತಿಲ್ದೆ ಕೂತ್ರೆ ಬಟಾಣಿ ಕತೆ ಹೇಳಿದ್ರಾಯ್ತು, ಗಾಡಿ ತಾನಾಗೇ ಸ್ಟಾರ್ಟ್ ಆಗುತ್ತೆ."

ನನ್ನ ರಕ್ತ ಕುದಿಯಿತು. "ಭಾವ, ನಿಮ್ಮ ದಾಖಲೆ ಮುರಿದ್ರೆ?"

"ನೀನಾ? ಮುರಿದ್ರೆ ಅವತ್ತಿಂದ ನಿನ್ನ 'ಗುರುಗಳೇ' ಅಂತ ಕರೀತೀನಿ, ಬೀಗರ ಎದುರಿಗೂ! ಮುರೀದಿದ್ರೆ ತೊಟ್ಟಿ, ಸಾಯೋವರ್ಗೂ ತೊಟ್ಟಿ."

ಹೀಗೆ ಐವತ್ತರ ಅಂಚಿನಲ್ಲಿ ನಾನು ಸ್ಪೀಡ್‌ರನ್ ಎಂಬ ಮಹಾಯಜ್ಞಕ್ಕೆ ಕಂಕಣ ಕಟ್ಟಿದೆ. ಸ್ಪೀಡ್‌ರನ್ ಅಂದರೆ ಆಟವನ್ನು ಆಡಿ ಸುಖಪಡುವುದಲ್ಲ. ಎಲ್ಲಿಯೂ ನಿಲ್ಲದೆ, ದಾರಿ ಮೊದಲೇ ಗೊತ್ತುಮಾಡಿಕೊಂಡು, ಆದಷ್ಟು ಬೇಗ ಮುಗಿಸಿ ಎದ್ದುಬಿಡುವುದು.

ಯಂತ್ರ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿತ್ತು. ಆ ಕೋಣೆಯ ವಿಷಯವನ್ನು ಸ್ವಲ್ಪ ಹೇಳಬೇಕು. ನಾನು ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಯಾರು ಏನು ಕೇಳಿದರೂ ಮೊದಲು 'ಇಲ್ಲ' ಅನ್ನುವುದು, ಯಾವುದನ್ನು ಬಿಸಾಡಲು ಹೊರಟರೂ 'ಇರಲಿ, ಬೇಕಾಗಬಹುದು' ಅನ್ನುವುದು ನನ್ನ ವೃತ್ತಿಧರ್ಮ. ಈ ಧರ್ಮವನ್ನು ಮನೆಯಲ್ಲೂ ಪಾಲಿಸಿಕೊಂಡು ಬಂದಿದ್ದೇನೆ. ಆ ಕೋಣೆಯಲ್ಲಿ ತಳವಿಲ್ಲದ ಬಕೆಟ್ಟು, ಬಟ್ಟೆಯಿಲ್ಲದ ಕೊಡೆ, ಮಾರಿಹೋದ ಸೈಕಲ್ಲಿನ ಪಂಪು, ಕೆಟ್ಟು ಗುಜರಿ ಸೇರಿದ ಟಿವಿಗಳ ಖಾಲಿ ಪೆಟ್ಟಿಗೆಗಳು, ಎಲ್ಲವೂ ಕ್ಷೇಮವಾಗಿದ್ದವು. ಬೀಗರು ಮಲಗಲು ಅದೇ ಕೋಣೆ ಖಾಲಿಯಾಗಬೇಕೆಂದು ನನ್ನವಳ ಹಟ.

"ಯಾವತ್ತು ಖಾಲಿ ಮಾಡ್ತೀರಿ?" ಎಂದು ಬೆಳಿಗ್ಗೆ ಕೇಳಿದ್ದಳು. ಸಂಜೆ ಅದೇ ಕೋಣೆಯಿಂದ ಯಂತ್ರವನ್ನು ಎತ್ತಿಕೊಂಡು, ಧೂಳಿನಲ್ಲಿ ಮಿಂದು ಹೊರಗೆ ಬಂದೆ.

"ನೋಡ್ದೇನೇ? ಅವತ್ತೇ ಬಿಸಾಡಿದ್ರೆ? ಬೇಕಾಯ್ತೋ ಇಲ್ವೋ?"

ಅವಳು ಮಾತಾಡಲಿಲ್ಲ. ಮಾತಾಡದ ಹೆಂಡತಿಯ ಬಗ್ಗೆ ಎಚ್ಚರಿಕೆಯಿಂದಿರಬೇಕೆಂದು ಬಲ್ಲವರು ಹೇಳುತ್ತಾರೆ. ನಾನು ಇರಲಿಲ್ಲ.

ಮೊದಲ ಪ್ರಯತ್ನದಲ್ಲಿ ಆಟ ಮುಗಿಯಲು ಐದು ಗಂಟೆ ಹಿಡಿಯಿತು. ಯಾಕೆಂದರೆ ಆ ಹುಡುಗಿಯ ಚೀಲದಲ್ಲಿ ಆರೇ ಆರು ಸಾಮಾನು ಹಿಡಿಸುತ್ತವೆ. ನಾನೋ, ಕಂಡ ಗುಂಡು, ಕಂಡ ಬ್ಯಾಂಡೇಜು, ಕಂಡ ಮೋಂಬತ್ತಿಯನ್ನೆಲ್ಲ ಎತ್ತಿಸಿ, ಚೀಲ ತುಂಬಿದೊಡನೆ ಕೆಳಗಿನ ಮಹಡಿಯ ಪೆಟ್ಟಿಗೆಯಲ್ಲಿ ಜೋಡಿಸಿಟ್ಟು ಬರುತ್ತಿದ್ದೆ. ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ನನ್ನವಳಿಗೆ ತಡೆಯಲಾಗಲಿಲ್ಲ.

"ಅಲ್ಲಾ ರೀ, ಆ ಹುಡುಗಿ ಪ್ರಾಣ ಉಳಿಸ್ಕೊಳ್ಳೋಕೆ ಓಡ್ತಿದ್ದಾಳೋ, ಸಂತೆಗೆ ಬಂದಿದ್ದಾಳೋ?"

"ನಿಂಗೇನು ಗೊತ್ತು? ಬೇಕಾಗಬಹುದು!"

"ಆಟ ಮುಗೀತು. ಆ ಪೆಟ್ಟಿಗೇಲಿರೋದ್ರಲ್ಲಿ ಒಂದಾದ್ರೂ ಬೇಕಾಯ್ತಾ?"

ಒಂದೂ ಬೇಕಾಗಿರಲಿಲ್ಲ. ಸ್ಟೋರ್ ಕೀಪರನ ಜೀವಮಾನದಲ್ಲಿ ಇಂಥ ಪ್ರಶ್ನೆ ಎದುರಾಗಬಾರದು.

"ಮತ್ತೆ ಆ ಕೀಲಿಕೈ ಬಾಗಿಲು ತೆಗೆದ್ಮೇಲೆ ಅದೇನೋ ಕೇಳ್ತಿತ್ತಲ್ಲ, ಏನದು?"

"ಅದಾ? 'ಇದರ ಕೆಲಸ ಮುಗಿಯಿತು, ಬಿಸಾಡಲೇ?' ಅಂತ ಕೇಳುತ್ತೆ."

"ನೀವೇನು ಒತ್ತಿದ್ರಿ?"

"'ಬೇಡ' ಅಂತ."

ನನ್ನವಳು ನಿಟ್ಟುಸಿರುಬಿಟ್ಟು ಮಡಿಸಿದ ಪಂಚೆಯನ್ನೇ ಇನ್ನೊಮ್ಮೆ ಮಡಿಸಿದಳು.

ರಾಕ್ಷಸನ ಕಾಟ ಬೇರೆ. ಅವನು ಯಾವ ಮೂಲೆಯಿಂದ ಬರುತ್ತಾನೋ ತಿಳಿಯದೆ ನಾನು ಬೆದರಿ ದಾರಿ ತಪ್ಪುತ್ತಿದ್ದೆ. (ನನ್ನವಳು ಅವನಿಗೆ 'ನಿಮ್ಮ ದೊಡ್ಡಪ್ಪ' ಎಂದು ಹೆಸರಿಟ್ಟಿದ್ದಳು, ನಡಿಗೆ ಥೇಟ್ ಹಾಗೇ ಇದೆಯಂತೆ.) ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಹೋಟೆಲನ್ನೇ ಮನೆಯೊಳಗೆ ಇಳಿಸಿದರೆ? ಭಾನುವಾರ ಸೀಮೆಸುಣ್ಣ ಹಿಡಿದು ನೆಲದ ಮೇಲೆಲ್ಲ ಗೆರೆ ಎಳೆದೆ. ಅಡುಗೆಮನೆ ಬಾಯ್ಲರ್ ಕೋಣೆಯಾಯಿತು, ಹಜಾರ ಊಟದ ಸಭಾಂಗಣ, ನಮ್ಮ ಬಚ್ಚಲು ಆ ಬಚ್ಚಲೇ. ಪಿಸ್ತೂಲಿನ ಜಾಗದಲ್ಲಿ ಸೌಟು. ದೊಡ್ಡಪ್ಪನ ಪಾತ್ರಕ್ಕೆ ಯಾರು?

ನಮ್ಮ ಜೊತೆಯಲ್ಲೇ ಇರುವ ಅತ್ತೆ ಊರುಗೋಲು ಕುಟ್ಟುತ್ತಾ ಎದ್ದರು. "ನಾನಿದ್ದೀನಲ್ಲ ಅಳಿಯಂದ್ರೇ. ನಿಧಾನವಾಗಿ ಬಂದು ಹಿಡೀಬೇಕು, ಅಷ್ಟೇ ತಾನೆ?"

ಅಷ್ಟೇ ತಾನೆ ಎಂದುಕೊಂಡು ನಾನೂ ಒಪ್ಪಿದೆ. ನಾನು ಓಡುತ್ತಿದ್ದೆ, ಅವರು ಟಕ್ ಟಕ್ ಎಂದು ನಡೆಯುತ್ತಿದ್ದರು. ಆದರೂ ಪ್ರತಿಸಲವೂ ನಾನು ತಿರುಗುವ ಮೂಲೆಯಲ್ಲಿ ಅವರು ಮೊದಲೇ ನಿಂತು, ಕೋಲಿನಿಂದ ನನ್ನ ಮೊಣಕಾಲಿಗೆ ತಟ್ಟಿ, "ಸತ್ರಿ" ಅನ್ನುತ್ತಿದ್ದರು. ಅಳಿಯನಿಗೆ 'ಸತ್ರಿ' ಅನ್ನುವಾಗ ಮುಖದಲ್ಲಿ ಅಷ್ಟು ಕಳೆ ಇರಬೇಕಾಗಿರಲಿಲ್ಲ.

"ಅತ್ತೇ, ಹೇಗೆ ಹಿಡೀತೀರಿ?"

"ನೀವು ಸುತ್ತಿ ಬಳಸಿ ಬರ್ತೀರಿ. ನಾನು ನಿಮ್ಮನ್ನ ನೋಡಿ ನೆಟ್ಟಗೆ ಬರ್ತೀನಿ. ಮಂಡಿನೋವಿನೋರು ಸುತ್ತು ಹಾಕ್ತಾರಾ?"

"ಹಾಗಾದ್ರೆ ನಡುವೆ ಊಟದ ಮೇಜು ಇದ್ರೆ?"

ಪರೀಕ್ಷಿಸಿದೆವು. ಮೇಜಿನ ಆ ಕಡೆ ನಾನು, ಈ ಕಡೆ ಅತ್ತೆ. ನಾನು ಎಡಕ್ಕೆ ಸರಿದರೆ ಅವರು ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ನನ್ನನ್ನೇ ನೋಡುತ್ತಾ ನೆಟ್ಟಗೆ ಬರಲು ಹೋಗಿ ಮೇಜಿಗೆ ಒತ್ತಿಕೊಂಡು ನಿಂತರು. ಸುತ್ತು ಹಾಕಿ ಬಾಗಿಲ ಕಡೆಗೆ ಓಡಿದೆ. ತಪ್ಪಿಸಿಕೊಂಡೆ! ಅದೇ ಹೊತ್ತಿಗೆ ಪಾರ್ಸೆಲ್ ತಂದವನೊಬ್ಬ ತೆರೆದ ಬಾಗಿಲಲ್ಲಿ ನಿಂತಿದ್ದ. ಸೌಟು ಹಿಡಿದು ಓಡಿಬರುವ ನಾನು, ಕೋಲೆತ್ತಿ ಅಟ್ಟಿಸಿಕೊಂಡು ಬರುವ ಅತ್ತೆ. ಅವನು ಪಾರ್ಸೆಲನ್ನು ಹೊಸಿಲ ಮೇಲಿಟ್ಟು, ಸಹಿ ಕೂಡ ಕೇಳದೆ ಮೆಟ್ಟಿಲಿಳಿದುಹೋದ.

ಆಟದಲ್ಲಿ ಪ್ರಯೋಗಿಸಿ ನೋಡಿದೆ. ಸಭಾಂಗಣದ ಉದ್ದ ಮೇಜಿನ ಹಿಂದೆ ಹುಡುಗಿಯನ್ನು ನಿಲ್ಲಿಸಿದರೆ ಸಾಕು, ದೊಡ್ಡಪ್ಪ ಮೇಜಿಗೆ ಎದೆ ಒತ್ತಿಕೊಂಡು ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದ. ನಾನು ಅತ್ತೆಯ ಕಾಲಿಗೆ ಬೀಳುವುದೊಂದು ಬಾಕಿ.

ಇನ್ನುಳಿದದ್ದು ನನ್ನ ಸ್ವಭಾವ. ಒಂದು ವಾರ ಹಲ್ಲು ಕಚ್ಚಿ, ಗುಂಡಿನ ಪೆಟ್ಟಿಗೆಗಳನ್ನು ಕಂಡೂ ಕಾಣದವನಂತೆ ದಾಟುವುದನ್ನು ಕಲಿತೆ.  ಆಟ ಮುಗಿಸುವ ಸಮಯ ಸರಸರ ಇಳಿಯತೊಡಗಿತು. ಹೊಸದಾಗಿ ಮತ ಬದಲಿಸಿದವನ ಉತ್ಸಾಹ ಗೊತ್ತಲ್ಲ? ಒಂದು ಸಂಜೆ ಕುರ್ಚಿಯ ಮೇಲೆ ನಿಂತು ಸೂತ್ರ ಸಾರಿದೆ: "ಬಳಸದಿರುವುದನ್ನು ಎತ್ತಬೇಡ! ಬಳಸಿ ಆದದ್ದನ್ನು ಇಟ್ಟುಕೊಳ್ಳಬೇಡ! ಬೇಕಾಗಬಹುದು ಎಂಬುದೇ ಮನುಷ್ಯನ ಪರಮ ಶತ್ರು!"

"ಆಹಾ! ಎಷ್ಟು ಚೆನ್ನಾಗಿ ಹೇಳಿದ್ರಿ," ಎಂದು ನನ್ನವಳು ಮೊಬೈಲ್ ಎತ್ತಿದಳು. "ಇನ್ನೊಂದ್ಸಲ ಹೇಳಿ, ಅಕ್ಕನಿಗೆ ಕಳಿಸ್ತೀನಿ."

ಮದುವೆಯಾದ ಮೇಲೆ ನನ್ನ ಮಾತನ್ನು ಅವಳು ಎರಡನೆಯ ಸಲ ಕೇಳಬಯಸಿದ್ದು ಅದೇ ಮೊದಲು. ಎದೆಯುಬ್ಬಿಸಿ, ಇನ್ನಷ್ಟು ಗಟ್ಟಿಯಾಗಿ ಹೇಳಿದೆ.

ಬೀಗರು ಬರುವ ಹಿಂದಿನ ಭಾನುವಾರ ಬೆಳಿಗ್ಗೆಯೇ ಷಡ್ಡಕ ಬಂದು, ಒಳ್ಳೆಯ ಕುರ್ಚಿಯನ್ನೇ ಹಿಡಿದ.

"ಶುರು ಮಾಡಪ್ಪಾ ತೊಟ್ಟಿ. ಅತ್ತೇ, ನೀವು ಸ್ವಲ್ಪ ದೂರ ಕೂತ್ಕೊಳ್ಳಿ, ಇವನು ಹಾರ್ತಾನೆ."

ಆಡತೊಡಗಿದೆ. ಮೊದಲ ಮಹಡಿ ನೀರು ಕುಡಿದಷ್ಟು ಸಲೀಸಾಗಿ ಮುಗಿಯಿತು. ಕೀಲಿಕೈ ಬಾಗಿಲು ತೆರೆದದ್ದೇ ತಡ, 'ಬಿಸಾಡಲೇ?' ಎಂದು ಕೇಳಿತು, ಬಿಸಾಡಿದೆ. ಬ್ಯಾಂಡೇಜು ಕಂಡಿತು, ದಾಟಿದೆ. "ಲೇ, ಔಷಧಿ ಬಿಟ್ಯಲ್ಲೋ!" ಎಂದ ಷಡ್ಡಕ. ಅವನ ಕಾಲದಲ್ಲಿ ಅದನ್ನು ಎತ್ತಿದ್ದನಂತೆ. ನಾನು ಒಳಗೊಳಗೇ ನಕ್ಕೆ.

ಮೂರನೆಯ ಮಹಡಿ ಬಂತು. ಬಚ್ಚಲಿನ ಬಾಗಿಲು ಕಿರ್ರೆಂದು ತೆರೆಯಿತು. ತೊಟ್ಟಿ. ಅಭ್ಯಾಸದಲ್ಲೆಲ್ಲ ಇಲ್ಲಿ ಕಣ್ಣು ಮುಚ್ಚಿಯೇ ಗುಂಡಿ ಒತ್ತಿ, ಅದೃಷ್ಟವಿದ್ದಾಗ ದಾಟಿದ್ದೆ. ಈಗಲೂ ನನ್ನ ಕಣ್ಣುಗಳು ತಾವಾಗಿ ಮುಚ್ಚತೊಡಗಿದವು. ಕಣ್ಣು ಮುಚ್ಚಿದರೆ ಗುಂಡಿ ತಪ್ಪುತ್ತದೆ. ಗುಂಡಿ ತಪ್ಪಿದರೆ ಹುಡುಗಿ ಸಾಯುತ್ತಾಳೆ. ಹುಡುಗಿ ಸತ್ತರೆ ಬೀಗರ ಎದುರಿಗೆ ಬಟಾಣಿ ಕತೆ.

ಹಿಂದಿನಿಂದ ಕೋಲೊಂದು ನನ್ನ ಬೆನ್ನಿಗೆ ತಿವಿಯಿತು. "ಅಳಿಯಂದ್ರೇ, ಕಣ್ಣು!"

ನೀರೊಳಗಿಂದ ಕೈ ಬಂತು. ನಾನು ಕಣ್ಣು ಬಿಟ್ಟೇ ನೋಡಿದೆ. ಇಷ್ಟು ವರ್ಷ ಹೆದರಿದ್ದು ಇದಕ್ಕೇನಾ! ಬೆರಳುಗಳು ಚೌಕ ಚೌಕವಾಗಿ, ಮುರಿದ ಬಿಸ್ಕತ್ತಿನ ಹಾಗಿದ್ದವು. ಕೀಲಿಕೈ ಕಿತ್ತುಕೊಂಡು ಹೊರಗೆ ಬಂದೆ. ನನ್ನವಳು ಶಿಳ್ಳೆ ಹೊಡೆದಳು. (ಅವಳಿಗೆ ಶಿಳ್ಳೆ ಬರುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು.)

ಸಭಾಂಗಣದಲ್ಲಿ ದೊಡ್ಡಪ್ಪ ಸರಪಳಿ ಎಳೆದುಕೊಂಡು ಬಂದ. "ಓಡೋ! ಗೇರ್ ಬದಲಾಯಿಸೋ!" ಎಂದು ಷಡ್ಡಕ ತನಗರಿವಿಲ್ಲದೆ ಕುರ್ಚಿಯಿಂದೆದ್ದ. ನಾನು ಓಡಲಿಲ್ಲ. ಮೇಜಿನ ಹಿಂದೆ ನಿಂತೆ. ದೊಡ್ಡಪ್ಪ ಮೇಜಿಗೆ ಒತ್ತಿಕೊಂಡು ನಿಂತಲ್ಲೇ ನಡೆಯತೊಡಗಿದ. ಅತ್ತೆ "ಮಂಡಿನೋವು ಪಾಪ" ಎಂದರು. ನಾನು ಸುತ್ತು ಹಾಕಿ, ಕೊನೆಯ ಬಾಗಿಲು ತೆರೆದು, ಹುಡುಗಿಯನ್ನು ಬಯಲಿಗೆ ತಂದು ನಿಲ್ಲಿಸಿದೆ.

ತೆರೆಯ ಮೇಲೆ ಸಮಯ ಮೂಡಿತು. ಷಡ್ಡಕನ ಹಳೆಯ ದಾಖಲೆ ಸರಿದು ಎರಡನೆಯ ಸಾಲಿಗಿಳಿಯಿತು. ಮೇಲೆ ನನ್ನದು, ಪೂರ್ತಿ ಕಾಲುಗಂಟೆ ಕಡಿಮೆ!

ನಾನು ಎದ್ದು ಕುಣಿದೆ. ನನ್ನವಳು ನನ್ನ ಕೈ ಹಿಡಿದು ಕುಣಿದಳು. ಅತ್ತೆ ಕೋಲಿನಿಂದ ತಾಳ ಹಾಕಿದರು. ಷಡ್ಡಕ ಟಿವಿಯ ಹತ್ತಿರ ಹೋಗಿ, ಕನ್ನಡಕ ಒರೆಸಿಕೊಂಡು ಎರಡೆರಡು ಸಲ ಓದಿ, ಕೊನೆಗೆ ನನ್ನ ಕಡೆ ತಿರುಗಿ ಕೈ ಮುಗಿದ.

"ಸೋತೆ... ಗುರುಗಳೇ."

ಆಹಾ! ಆ ನಾಲ್ಕಕ್ಷರವನ್ನು ಬಾಟಲಿಯಲ್ಲಿ ತುಂಬಿಡುವ ಹಾಗಿದ್ದರೆ ಹಿಂದಿನ ಕೋಣೆಯಲ್ಲಿ ಇಡುತ್ತಿದ್ದೆ. ಒಳ್ಳೆಯ ಕುರ್ಚಿ ಖಾಲಿಯಿತ್ತು, ಹೋಗಿ ಕೂತೆ. ಕಾಲ ಮೇಲೆ ಕಾಲು ಹಾಕಿದೆ.

"ಭಾವ," ಎಂದಳು ನನ್ನವಳು ಮೆಲ್ಲಗೆ, "ಗುರುಗಳ ಉಪದೇಶ ಕೇಳಿದ್ದೀರಾ?"

ಮೊಬೈಲಿನಿಂದ ನನ್ನದೇ ದನಿ ಗುಡುಗಿತು. "ಬಳಸಿ ಆದದ್ದನ್ನು ಇಟ್ಟುಕೊಳ್ಳಬೇಡ! ಬೇಕಾಗಬಹುದು ಎಂಬುದೇ ಮನುಷ್ಯನ ಪರಮ ಶತ್ರು!"

ನನ್ನ ಕಾಲು ತಾನಾಗಿ ಕೆಳಗಿಳಿಯಿತು. ಅಷ್ಟರಲ್ಲಿ ಅವಳು ಹಿಂದಿನ ಕೋಣೆಯ ಬಾಗಿಲು ಹಾರುಹೊಡೆದು, ಸೆರಗು ಸಿಕ್ಕಿಸಿ ನಿಂತಿದ್ದಳು. ಕೈಯಲ್ಲಿ ತಳವಿಲ್ಲದ ಬಕೆಟ್ಟು.

"ಇದರ ಕೆಲಸ ಮುಗೀತು. ಬಿಸಾಡ್ಲಾ?"

"ಏ, ಅದು..."

"ಗುರುಗಳೇ," ಎಂದ ಷಡ್ಡಕ, ಮುಖದಲ್ಲಿ ಹುಣ್ಣಿಮೆ ಅರಳಿಸಿಕೊಂಡು, "ಶಿಷ್ಯನ ಎದುರಿಗೆ ಸೂತ್ರ ಮುರೀತೀರಾ? ಬೀಗರಿಗೆ ಏನಂತ ಹೇಳಲಿ?"

ಹಿಂದೆ ಸರಿಯೋಣವೆಂದರೆ ಬೆನ್ನ ಹಿಂದೆ ಟಕ್ ಟಕ್ ಸದ್ದು. ಊಟದ ಮೇಜಿನ ಕಡೆ ನೋಡಿದೆ. ನನ್ನವಳು ಅದನ್ನು ಮೊದಲೇ ಗೋಡೆಗೆ ಸರಿಸಿದ್ದಳು.

ಅಂತೂ ಬಕೆಟ್ಟು ಹೋಯಿತು. ಕೊಡೆ, ಪಂಪು, ಪೆಟ್ಟಿಗೆಗಳು, ಒಂದಾದ ಮೇಲೊಂದು. ಪ್ರತಿಯೊಂದಕ್ಕೂ ನನ್ನಿಂದಲೇ 'ಬಿಸಾಡು' ಎನ್ನಿಸಿದರು. ಹೊರಗೆ ಹೊತ್ತು ಹಾಕಿದವನೂ ನಾನೇ. ಮಧ್ಯಾಹ್ನದ ಹೊತ್ತಿಗೆ ಆ ಕೋಣೆಯ ನೆಲವನ್ನು ಈ ಮನೆಗೆ ಬಂದ ಮೇಲೆ ಮೊದಲ ಸಲ ನೋಡಿದೆ, ನೀಲಿ ಬಣ್ಣದ್ದಂತೆ.

ಕೊನೆಗೆ ನನ್ನವಳು ಹಜಾರಕ್ಕೆ ಬಂದು, ಟಿವಿಯಿಂದ ವಿಡಿಯೋ ಗೇಮಿನ ಯಂತ್ರವನ್ನು ಬಿಚ್ಚಿ ಎತ್ತಿದಳು. 

"ಅಮ್ಮಾ, ಇದರ ಕೆಲಸಾನೂ ಮುಗೀತಲ್ಲ. ಏನು ಮಾಡ್ಲಿ?"

"ಅದನ್ನ ಇಟ್ಕೊಳ್ಳೇ," ಎಂದರು ಅತ್ತೆ. "ನಾಳೆಯಿಂದ ನಾನು ಆಡ್ಬೇಕು. ಇವರ ದಾಖಲೆಯಲ್ಲಿ ಇನ್ನೂ ಎಷ್ಟೋ ಸುತ್ತು ಬಳಸು ಉಳ್ಕೊಂಡಿದೆ."

ಆಮೇಲೆ ಧೂಳು, ಬೆವರು, ಜೇಡರಬಲೆ ಮೆತ್ತಿಕೊಂಡು ನಿಂತಿದ್ದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸ್ವಲ್ಪ ಯೋಚಿಸಿ ಹೇಳಿದರು:

"ಅಳಿಯಂದ್ರನ್ನೂ ಇಟ್ಕೋ. ಅಭ್ಯಾಸಕ್ಕೆ ದೊಡ್ಡಪ್ಪ ಬೇಕಾಗಬಹುದು."